ಹಂಪಿಯ ಅಡಿಕೆ-ವೀಳ್ಯದ ಪೇಟೆ



ಎಮ್ಮೆದೊಡ್ಡಿ, ಕಡೂರು, ತರೀಕೆರೆ, ಅಜ್ಜಂಪುರದ ಕಡೆಯವರು ಹಂಪಿಗೆ ಹೋದರೆ ವಿರೂಪಾಕ್ಷನ ದರ್ಶನ ಮಾಡಿ, ಕಲ್ಲಿನ ರಥ ನೋಡಿಕೊಂಡು ಹಿಂತಿರುಗುವುದು ವಾಡಿಕೆ. ಆದರೆ ಅಡಿಕೆ ಬೆಳೆಯುವವರು ತಪ್ಪದೆ ನೋಡಬೇಕಾದ ಬೀದಿಯೊಂದು ಅಲ್ಲಿದೆ. ಹಳೆಯ ರಾಜಧಾನಿಯ ನಡುವೆ, ಹಲವು ದಾರಿಗಳು ಕೂಡುವ ಹಜಾರ ರಾಮ ದೇವಾಲಯದ ಮುಂದಿನಿಂದ ಹೊರಡುವ ಆ ಬೀದಿಗೆ ಪಾನ್ ಸುಪಾರಿ ಬಜಾರ್ ಎಂದು ಹೆಸರು.

ಇದು ಇತ್ತೀಚೆಗೆ ಇಟ್ಟ ಹೆಸರಲ್ಲ. 1426ರಲ್ಲಿ ಇಮ್ಮಡಿ ದೇವರಾಯನು ಇಲ್ಲಿ ಪಾರ್ಶ್ವನಾಥನಿಗೆ ಕಲ್ಲಿನ ಚೈತ್ಯಾಲಯ ಕಟ್ಟಿಸಿದನು. ಅದರ ಸಂಸ್ಕೃತ ಶಾಸನವು ಈ ಸ್ಥಳವನ್ನು ಕ್ರಮುಕಪರ್ಣಾಪಣ ಬೀದಿ ಎನ್ನುತ್ತದೆ. ಕ್ರಮುಕವೆಂದರೆ ಅಡಿಕೆ, ಪರ್ಣವೆಂದರೆ ಎಲೆ, ಆಪಣವೆಂದರೆ ಅಂಗಡಿ.

ಅಡಿಕೆಯ ಪೇಟೆ ಅರಮನೆಯ ಮಗ್ಗುಲಲ್ಲೇ ಇದ್ದುದೇಕೆ? 1443ರಲ್ಲಿ ಬಂದ ಪರ್ಷಿಯದ ರಾಯಭಾರಿ ಅಬ್ದುಲ್ ರಜಾಕನ ಬರವಣಿಗೆಯಿಂದ ಇದು ತಿಳಿಯುತ್ತದೆ. ಅರಮನೆಯ ಬಾಗಿಲಲ್ಲಿ ನಾಲ್ಕು ಪೇಟೆಗಳಿದ್ದವು. ಒಂದೊಂದು ಕಸುಬಿನವರ ಅಂಗಡಿಗಳು ಒತ್ತಾಗಿದ್ದವು. ರಾಯನನ್ನು ಕಂಡಾಗ ಅವನಿಗೆ ತಾಂಬೂಲವೂ ಕರ್ಪೂರವೂ ದೊರೆತವು. ಮರ್ಯಾದೆಗೆ ತಾಂಬೂಲ ಕೊಡುವ ಆಸ್ಥಾನವೇ ಅಡಿಕೆಗೆ ದೊಡ್ಡ ಗಿರಾಕಿ.

1565ರ ಯುದ್ಧದ ನಂತರ ಅರಸು ಹೋದನು, ನಗರ ಸೂರೆಯಾಯಿತು, ಪೇಟೆಯೂ ಮುಗಿಯಿತು. ಒಬ್ಬನೇ ದೊಡ್ಡ ಗಿರಾಕಿಯನ್ನು ನೆಚ್ಚಿದ ಪೇಟೆ ಅವನೊಡನೆಯೇ ಮುಳುಗುತ್ತದೆ. ಕಾಫಿ ಬೆಳೆಗಾರರಿಗೆ ಇದು ಹೊಸ ಮಾತಲ್ಲ. 1940ರ ದಶಕದಿಂದ ಕಾಫಿ ಮಂಡಳಿಯ ಪೂಲಿಗೆ ಮಾಲು ಒಪ್ಪಿಸುತ್ತಿದ್ದವರು, 1990ರ ದಶಕದಲ್ಲಿ ಆ ಪದ್ಧತಿ ನಿಂತಾಗ ಮಾರಾಟದ ಹೊಣೆಯನ್ನು ತಾವೇ ಹೊರಬೇಕಾಯಿತು.

ಇಂತಹ ಹೊತ್ತಿಗೆ ಆಸರೆಯಾಗಲೆಂದೇ ಸಹಕಾರ ಸಂಘಗಳಿವೆ. 1939ರಲ್ಲಿ ಶಿವಮೊಗ್ಗದಲ್ಲಿ ಮ್ಯಾಮ್ಕೋಸ್ ಸ್ಥಾಪನೆಯಾಯಿತು. ಅಡಿಕೆಯ ಬೆಲೆ ಕುಸಿದ ಸಂಕಟದ ನಂತರ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಕೈಯಲ್ಲಿ ಎರಡು ಮೂಟೆ ಮಾಲು ಮಾತ್ರ ಇರುವ ಸಣ್ಣ ಬೆಳೆಗಾರನು ಮಂಡಿಯಲ್ಲಿ ಒಂಟಿಯಾಗಿ ನಿಂತು ಬೆಲೆ ಕೇಳುವುದಕ್ಕೂ, ಸಂಘದ ಸದಸ್ಯನಾಗಿ ಕೇಳುವುದಕ್ಕೂ ವ್ಯತ್ಯಾಸವಿದೆ.

ಆದುದರಿಂದ ಅಡಿಕೆಯನ್ನು ಚೆನ್ನಾಗಿ ಒಣಗಿಸಿ; ರಾಶಿ, ಬೆಟ್ಟೆ, ಗೊರಬಲು ಬೆರೆಸದೆ ಬೇರೆ ಬೇರೆ ಮಾಡಿ. ತೂಕ ಮಾಡುವಾಗ ಎದುರಿಗಿರಿ, ಬಿಲ್ಲು ಕೇಳಿ ಪಡೆಯಿರಿ. ಮಾಲನ್ನೆಲ್ಲ ಒಂದೇ ದಿನ, ಒಬ್ಬರಿಗೇ ಕೊಡಲೇಬೇಕಾದ ಸ್ಥಿತಿ ತಂದುಕೊಳ್ಳಬೇಡಿ.

ಮುಂದಿನ ಸಲ ಹಂಪಿಗೆ ಹೋದಾಗ ಆ ಬೀದಿಯಲ್ಲೂ ನಾಲ್ಕು ಹೆಜ್ಜೆ ನಡೆದು ಬನ್ನಿ. ಅದು ನಮ್ಮ ಬೆಳೆಯ ಬೀದಿ.