ದಪ್ಪ ಆಕ್ಸಲ್ ಕೊಳ್ಳುವ ಮುನ್ನ

ದೀಪಾವಳಿಗೆ ಧಾರವಾಡಕ್ಕೆ ಹೊರಡಲು ಹತ್ತೇ ದಿನವಿತ್ತು. ಪುಣೆಯ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗಲೆಲ್ಲ ಎಡ ಚಕ್ರದಿಂದ ಟಕ್ ಟಕ್ ಸದ್ದು. ನನ್ನದು ಟರ್ಬೊ ಹ್ಯಾಚ್‌ಬ್ಯಾಕ್. ರೀಮ್ಯಾಪ್ ಮಾಡಿಸಿ ಟಾರ್ಕನ್ನು 175ರಿಂದ 230 ನ್ಯೂಟನ್ ಮೀಟರಿಗೆ ಏರಿಸಿದ್ದೆ. ಗ್ಯಾರೇಜಿನವರು ಸದ್ದು ಕೇಳಿದ್ದೇ ತಡ, ‘ಈ ಪವರ್‌ಗೆ ಕಂಪನಿ ಡ್ರೈವ್‌ಶಾಫ್ಟ್ ತಡೆಯಲ್ಲ, 500 ಎಚ್‌ಪಿ ತಡೆಯುವ ಇಂಪೋರ್ಟೆಡ್ ಆಕ್ಸಲ್ ಹಾಕಿಸಿ’ ಎಂದರು. ಬೆಲೆ ಕೇಳಿ ಮನೆಗೆ ಬಂದವನು ಲೆಕ್ಕಕ್ಕೆ ಕೂತೆ.

ಮೊದಲ ಗೇರಿನಲ್ಲಿ ಎಂಜಿನ್ನಿನ ಟಾರ್ಕ್ 14 ಪಟ್ಟಾಗುತ್ತದೆ ಎಂದಿಟ್ಟುಕೊಳ್ಳಿ. ಎರಡು ಶಾಫ್ಟ್‌ಗೆ ಹಂಚಿದರೆ ಒಂದಕ್ಕೆ 1,610. ಆದರೆ ಟೈರ್ ಅಷ್ಟನ್ನು ರಸ್ತೆಗೆ ಇಳಿಸಬೇಕಲ್ಲ? ಒಂದು ಮುಂಚಕ್ರದ ಮೇಲೆ 350 ಕೆ.ಜಿ. ಭಾರ, 30 ಸೆಂ.ಮೀ. ತ್ರಿಜ್ಯ, ಒಣ ರಸ್ತೆಯ ಘರ್ಷಣಾಂಕ 0.9 ಎಂದರೆ ಸುಮಾರು 930. ಅದರಾಚೆಗೆ ಟೈರೇ ಜಾರುತ್ತದೆ. ರೀಮ್ಯಾಪ್‌ಗೆ ಮುಂಚಿನ 1,225 ಕೂಡ ಈ ಮಿತಿಯ ಆಚೆಗೇ ಇತ್ತು. ಅಂದರೆ ಸಾಮಾನ್ಯ ಟೈರ್ ಇರುವಾಗ ಶಾಫ್ಟ್ ಮೇಲಿನ ಗರಿಷ್ಠ ಹೊರೆಯನ್ನು ನಿರ್ಧರಿಸುವುದು ಎಂಜಿನ್ನಿಗಿಂತ ಹೆಚ್ಚಾಗಿ ಹಿಡಿತ.

ಮರುದಿನ ಕಾರು ಎತ್ತಿಸಿ ನೋಡಿದೆ. ಹೊರ ಜಾಯಿಂಟಿನ ರಬ್ಬರ್ ಬೂಟ್ ಹರಿದು, ಗ್ರೀಸ್ ಚಕ್ರದ ಒಳಮೈಗೆಲ್ಲ ಸಿಡಿದಿತ್ತು. ಒಳಗಿನ ಆರು ಉಕ್ಕಿನ ಗುಂಡುಗಳ ನಡುವೆ ಮರಳು ಸೇರಿತ್ತು. ತಪ್ಪು ಪವರ್‌ನದಲ್ಲ, ಬೂಟ್ ನೋಡದೆ ಓಡಿಸಿದ ನನ್ನದು. ಕಂಪನಿ ಅಳತೆಯದೇ ಹೊಸ ಜಾಯಿಂಟ್, ಬೂಟ್ ಹಾಕಿಸಿದೆ. ಸದ್ದು ನಿಂತಿತು.

ಹಾಗೆಂದು ಗಟ್ಟಿ ಆಕ್ಸಲ್ ಯಾರಿಗೂ ಬೇಡವೆಂದಲ್ಲ. ಅಂಟುವ ಟ್ರ್ಯಾಕ್ ಟೈರ್ ಹಾಕಿ ನಿಂತಲ್ಲಿಂದ ಚಿಮ್ಮಿಸುವವರಿಗೆ ಬೇಕು. ಚಕ್ರ ಜಾರಿ, ಹಿಡಿದು, ಮತ್ತೆ ಜಾರುತ್ತ ಕುಪ್ಪಳಿಸುವಾಗ ಬೀಳುವ ಏಟು ಮೇಲಿನ ಲೆಕ್ಕವನ್ನೂ ಮೀರುತ್ತದೆ. ಅಂಥವರು ಎಚ್‌ಪಿ ಅಂಕಿ ನಂಬಿ ಕೊಳ್ಳಬೇಡಿ. ಎಷ್ಟು ಟಾರ್ಕ್ ತಡೆಯುತ್ತದೆ, ಯಾವ ಉಕ್ಕು ಎಂದು ಕೇಳಿ. 4340 ಕ್ರೋಮೊಲಿ ಒಳ್ಳೆಯದು, 300ಎಂ ಇನ್ನೂ ಗಟ್ಟಿ. ಘನ ಸರಳಿನ ತಿರುಚುಬಲ ವ್ಯಾಸದ ಘನಕ್ಕೆ ತಕ್ಕಂತೆ ಏರುವುದರಿಂದ 10% ದಪ್ಪವಾದರೆ ಬಲ 33% ಹೆಚ್ಚು. ಉದ್ದ, ಸ್ಪ್ಲೈನ್ ಹಲ್ಲುಗಳ ಸಂಖ್ಯೆ, ಎಬಿಎಸ್ ರಿಂಗ್ ಹೊಂದಬೇಕು. ಬೂಟ್, ಜಾಯಿಂಟ್ ಬಿಡಿಯಾಗಿ ಇಲ್ಲೇ ಸಿಗಬೇಕು. ಕಾರನ್ನು ತಗ್ಗಿಸಿದ್ದರೆ ಜಾಯಿಂಟಿನ ಕೋನ ಹೆಚ್ಚಿ ಸವೆತವೂ ಹೆಚ್ಚುತ್ತದೆ. ದಪ್ಪ ಸರಳು ಅದನ್ನು ಸರಿಪಡಿಸದು.

ಇನ್ನೊಂದು ಮಾತು. ಶಾಫ್ಟ್ ಒಂದು ರೀತಿಯಲ್ಲಿ ಫ್ಯೂಸ್ ಇದ್ದಂತೆ. ಅದು ಮುರಿಯದಷ್ಟು ಗಟ್ಟಿಯಾದರೆ ಏಟು ಗೇರ್‌ಬಾಕ್ಸಿಗೆ ಬೀಳುತ್ತದೆ, ಅದರ ಬಿಲ್ಲು ಬೇರೆಯೇ ಲೆಕ್ಕ.

ಸದ್ದನ್ನೂ ಗುರುತಿಸಿ. ತಿರುವಿನಲ್ಲಿ ಟಕ್ ಟಕ್ ಎಂದರೆ ಹೆಚ್ಚಾಗಿ ಹೊರ ಜಾಯಿಂಟ್. ವೇಗ ಹೆಚ್ಚಿಸುವಾಗ ನಡುಗಿದರೆ ಒಳ ಜಾಯಿಂಟ್. ಒಂದು ವೇಗದಲ್ಲಿ ಮಾತ್ರ ಸ್ಟೀರಿಂಗ್ ಅದುರಿದರೆ ಮೊದಲು ವೀಲ್ ಬ್ಯಾಲೆನ್ಸಿಂಗ್ ನೋಡಿಸಿ.

ಆ ದೀಪಾವಳಿಗೆ ಹೆಂಡತಿ, ಮಗಳ ಜೊತೆ ಖಂಬಾಟ್ಕಿ ಘಾಟ್ ದಾಟಿ, ನಿಪ್ಪಾಣಿಯಲ್ಲಿ ಚಹಾ ಕುಡಿದು ಸುಖವಾಗಿ ಊರು ಸೇರಿದೆವು. ಹಬ್ಬಕ್ಕೆ ಊರಿಗೆ ಹೊರಡುವ ನೀವೂ ಟೈರ್ ಗಾಳಿ ನೋಡುವಾಗ ಒಮ್ಮೆ ಬಗ್ಗಿ, ಚಕ್ರದ ಹಿಂದಿನ ಆ ರಬ್ಬರ್ ಬೂಟನ್ನೂ ನೋಡಿ.