ನೀರಮಾನ್ವಿಯ ಗಿರಾಕಿಯೂ ನಮ್ಮ ಉಗ್ರಾಣದ ಲೆಕ್ಕವೂ

ಕೃಷ್ಣಾ ತುಂಗಭದ್ರೆಗಳ ನಡುವಿನ ಎಡೆದೊರೆ ನಾಡಿನಲ್ಲಿ, ರಾಯಚೂರಿನಿಂದ ಮಾನ್ವಿಗೆ ಹೋಗುವ ಹಾದಿಯಲ್ಲಿ ನೀರಮಾನ್ವಿ ಎಂಬ ಊರಿದೆ. ಯಲ್ಲಮ್ಮನ ಜಾತ್ರೆಯಿಂದ ಹೆಸರಾದ ಊರು. ಆ ಸೀಮೆಯಲ್ಲಿ ಹತ್ತಿ, ಜೋಳ, ಕಾಲುವೆ ನೀರು ಹರಿದಲ್ಲಿ ಭತ್ತ. ಕಾಫಿಯಾಗಲಿ ಅಡಿಕೆಯಾಗಲಿ ಅಲ್ಲಿನ ಬೆಳೆಯಲ್ಲ. ಆದರೆ ಎಲೆ ಅಡಿಕೆಯಿಲ್ಲದೆ ಅಲ್ಲಿಯೂ ಮದುವೆಯ ಮಾತುಕತೆ ಮುಗಿಯುವುದಿಲ್ಲ. ನಾವು ಬೆಳೆದದ್ದನ್ನು ಬಳಸುವವರು ಇರುವುದು ಇಂತಹ ಊರುಗಳಲ್ಲೇ. ನಮ್ಮ ಮಾಲು ಅಲ್ಲಿಗೆ ತಲುಪುವಷ್ಟರಲ್ಲಿ ಎಷ್ಟು ಕೈ ದಾಟಿರುತ್ತದೆ, ಪ್ರತಿ ಕೈಯಲ್ಲಿ ಎಷ್ಟು ಉಳಿದಿರುತ್ತದೆ ಎಂಬುದನ್ನು ಸದಸ್ಯ ಬಂಧುಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದಲೇ ಸಂಘವು ಆನ್‌ಲೈನ್ ಅಂಗಡಿ ತೆರೆಯಬೇಕೆಂಬ ಸಲಹೆ ಸಭೆಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ಸಲಹೆ ಒಳ್ಳೆಯದೇ. ಅಂಗಡಿ ತೆರೆಯುವುದೂ ಇಂದು ದೊಡ್ಡ ಮಾತಲ್ಲ. ನಾಲ್ಕು ಚಿತ್ರ, ಬೆಲೆ, ಹಣ ಕಟ್ಟುವ ವ್ಯವಸ್ಥೆ, ಇಷ್ಟಿದ್ದರೆ ಒಂದು ವಾರದಲ್ಲಿ ಕಂಪ್ಯೂಟರ್ ಬಲ್ಲ ಹುಡುಗರು ಮಾಡಿಕೊಡುತ್ತಾರೆ. ತೊಡಕಿರುವುದು ಅಂಗಡಿಯಲ್ಲಲ್ಲ, ಅಂಗಡಿಯ ಹಿಂದಿನ ಉಗ್ರಾಣದಲ್ಲಿ. ಅಂಗಡಿ, ದಾಸ್ತಾನು, ರವಾನೆ ಈ ಮೂರರ ಲೆಕ್ಕ ಒಂದಕ್ಕೊಂದು ತಿಳಿಯುವಂತೆ ಜೋಡಿಸುವ ವಿಚಾರವನ್ನು ಇಲ್ಲಿ ಸ್ವಲ್ಪ ವಿವರವಾಗಿ ಪರಿಶೀಲಿಸುತ್ತೇವೆ.

ನಮ್ಮ ಉಗ್ರಾಣದಲ್ಲಿ ಅರ್ಧ ಕಿಲೋದ ಕಾಫಿಪುಡಿ ಪೊಟ್ಟಣಗಳು ನಲವತ್ತು ಇವೆ ಎಂದಿಟ್ಟುಕೊಳ್ಳೋಣ. ಸಂಘದ ಕಟ್ಟೆಯ ಮೇಲಿನ ವ್ಯಾಪಾರ ಎಂದಿನಂತೆ ನಡೆದಿದೆ. ನಮ್ಮದೇ ಆನ್‌ಲೈನ್ ಅಂಗಡಿ ನಲವತ್ತು ಎಂದು ತೋರಿಸುತ್ತಿದೆ. ಯಾವುದೋ ದೊಡ್ಡ ಜಾಲದ ಅಂಗಡಿಯಲ್ಲೂ ನಮ್ಮ ಹೆಸರಿನ ಕೆಳಗೆ ನಲವತ್ತೇ ಇದೆ. ಬೆಳಗ್ಗೆ ಹತ್ತಕ್ಕೆ ಮದುವೆ ಮನೆಯವರೊಬ್ಬರು ಬಂದು ಮೂವತ್ತೆಂಟು ಪೊಟ್ಟಣ ಒಯ್ದರು. ಗುಮಾಸ್ತರು ಸಂಜೆ ಪುಸ್ತಕ ಬರೆಯುವವರೆಗೆ ಆ ಸಂಗತಿ ಉಳಿದ ಎರಡು ಅಂಗಡಿಗಳಿಗೆ ಗೊತ್ತಿಲ್ಲ. ಈ ನಡುವೆ ನೀರಮಾನ್ವಿಯ ಗಿರಾಕಿಯೊಬ್ಬರು ಆರು ಪೊಟ್ಟಣಕ್ಕೆ ಹಣ ಕಟ್ಟಿದರು. ಇರುವುದು ಎರಡು. ಅವರಿಗೆ ಕ್ಷಮೆ ಕೇಳಿ ಹಣ ಹಿಂತಿರುಗಿಸಬೇಕು. ದೊಡ್ಡ ಜಾಲದಲ್ಲಾದರೆ ನಮ್ಮ ಅಂಗಡಿಯ ಅಂಕವೂ ಇಳಿಯುತ್ತದೆ. ಆ ಗಿರಾಕಿ ಮತ್ತೆ ನಮ್ಮ ಬಾಗಿಲಿಗೆ ಬರುವುದು ಸಂಶಯ.

ಇದಕ್ಕೆ ಪರಿಹಾರವೆಂದರೆ ಮೂರು ಕಡೆ ಮೂರು ಸಂಖ್ಯೆ ಇಡದೆ, ಸಂಖ್ಯೆಯನ್ನು ಒಂದೇ ಪುಸ್ತಕದಲ್ಲಿಟ್ಟು ಎಲ್ಲರೂ ಅದನ್ನೇ ನೋಡುವಂತೆ ಮಾಡುವುದು. ದಾಸ್ತಾನಿನ ತಂತ್ರಾಂಶ ಆ ಪುಸ್ತಕ. ಅಂಗಡಿಯಲ್ಲಿ ಬೇಡಿಕೆ ಬಂದೊಡನೆ ಒಂದು ಚೀಟಿ ತಾನಾಗಿ ಪುಸ್ತಕಕ್ಕೆ ಹೋಗುತ್ತದೆ, ಆರು ಪೊಟ್ಟಣ ‘ಕಾದಿರಿಸಿದ್ದು’ ಎಂದು ದಾಖಲಾಗುತ್ತದೆ, ಉಳಿದ ಸಂಖ್ಯೆ ಎಲ್ಲ ಅಂಗಡಿಗಳಿಗೂ ಮರಳುತ್ತದೆ. ಎರಡು ತಂತ್ರಾಂಶಗಳ ನಡುವೆ ಚೀಟಿ ಹೋಗಿಬರುವ ಈ ಕಿಂಡಿಗೆ ಎಪಿಐ ಎನ್ನುತ್ತಾರೆ. ತಂತ್ರಾಂಶ ಮಾರಲು ಬಂದವರನ್ನು ಸದಸ್ಯರು ಮೊದಲು ಕೇಳಬೇಕಾದ ಪ್ರಶ್ನೆ, ಕಿಂಡಿ ಎರಡೂ ಕಡೆಗೆ ತೆರೆಯುತ್ತದೆಯೇ ಎಂಬುದು. ಬೇಡಿಕೆಯನ್ನು ಒಳಗೆ ತಂದು, ಉಳಿದ ಸಂಖ್ಯೆಯನ್ನು ಹೊರಗೆ ಕಳಿಸದ ವ್ಯವಸ್ಥೆಯಿಂದ ನಮಗೆ ಪ್ರಯೋಜನವಿಲ್ಲ. ಕಟ್ಟೆಯ ಮೇಲಿನ ರಸೀದಿಯೂ ಅದೇ ಪುಸ್ತಕಕ್ಕೆ ಬೀಳಬೇಕು. ಸಂಜೆ ಬರೆದರಾಯಿತು ಎಂಬ ಪದ್ಧತಿ ಉಳಿದರೆ ಜೋಡಣೆಗೆ ಹಾಕಿದ ಹಣವೆಲ್ಲ ವ್ಯರ್ಥ.

ಇಲ್ಲಿಯವರೆಗಿನದು ಯಾವ ಬಟ್ಟೆ ಅಂಗಡಿಗೂ ಅನ್ವಯಿಸುವ ಮಾತು. ಸಹಕಾರ ಸಂಘಕ್ಕೆ ಇದಕ್ಕಿಂತ ಗಂಭೀರವಾದ ಪ್ರಶ್ನೆ ಒಂದಿದೆ. ನಮ್ಮ ಉಗ್ರಾಣದಲ್ಲಿರುವ ಮಾಲೆಲ್ಲ ಸಂಘದ್ದಲ್ಲ. ಒಂದಷ್ಟು ಸಂಘವು ಖರೀದಿಸಿದ್ದು. ಇನ್ನಷ್ಟು ಸದಸ್ಯರು ಟೆಂಡರಿಗೆಂದು ತಂದಿಟ್ಟದ್ದು. ಮತ್ತಷ್ಟು ಮಾಲನ್ನು ಅಡವಿಟ್ಟು ಸದಸ್ಯರು ಸಾಲ ಪಡೆದಿದ್ದಾರೆ. ಅದು ಸದಸ್ಯರದ್ದೇ, ಸಂಘದ ವಶದಲ್ಲಿದೆ ಅಷ್ಟೆ. ಉಗ್ರಾಣ ಕಾಯುವವರ ಕಣ್ಣಿಗೆ ಮೂರೂ ಒಂದೇ ಬಗೆಯ ಚೀಲ. ತಂತ್ರಾಂಶಕ್ಕೆ ಹೇಳದಿದ್ದರೆ ಅದಕ್ಕೂ ಒಂದೇ. ಅಂಗಡಿಯ ಬೇಡಿಕೆ ಅಡವಿಟ್ಟ ಚೀಲಕ್ಕೆ ಕೈ ಹಾಕಿದರೆ ಅದನ್ನು ಲೆಕ್ಕದ ಏರುಪೇರು ಎಂದು ಬಿಡಲಾಗದು, ನಂಬಿಕೆಗೇ ಕೊಡಲಿ ಪೆಟ್ಟು. ಲೆಕ್ಕ ಪರಿಶೋಧಕರ ಮುಂದೆಯೂ ಉತ್ತರವಿರದು. ಒಡೆತನಕ್ಕೆ ತಕ್ಕಂತೆ ಮೂರು ಬೇರೆ ಉಗ್ರಾಣಗಳನ್ನು ತಂತ್ರಾಂಶದಲ್ಲಿ ತೆರೆದು, ಅಂಗಡಿಗೆ ಸಂಘದ ಸ್ವಂತ ಮಾಲೊಂದನ್ನೇ ತೋರಿಸಬೇಕು. ಈ ಸೌಕರ್ಯವಿಲ್ಲದ ತಂತ್ರಾಂಶ ಎಷ್ಟೇ ಅಗ್ಗವಾಗಿದ್ದರೂ ಬೇಡವೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಇನ್ನು ನಮ್ಮ ಮಾಲಿನ ಸ್ವಭಾವ. ಸಾಬೂನಿನ ಪೆಟ್ಟಿಗೆಯಂತೆ ಅದು ಇಟ್ಟಷ್ಟೇ ಇರುವುದಿಲ್ಲ. ಅಡಿಕೆ ಒಣಗಿದಂತೆ ತೂಕ ಇಳಿಯುತ್ತದೆ, ಮಳೆಗಾಲದಲ್ಲಿ ತೇವ ಎಳೆದುಕೊಳ್ಳುತ್ತದೆ. ಚಾಲಿಯಲ್ಲಿ ಹೊಸತು ಹಳತಾದಾಗ ಹೆಸರೂ ಬೆಲೆಯೂ ಬದಲಾಗುತ್ತವೆ. ನೂರು ಕಿಲೋ ಕಾಫಿ ಬೀಜ ಹುರಿದರೆ ಕೈಗೆ ಸಿಗುವುದು ಸುಮಾರು 82ರಿಂದ 85 ಕಿಲೋ. ಶೇಕಡಾ 30 ಚಿಕೋರಿ ಬೆರೆಸಿದ ಅರ್ಧ ಕಿಲೋದ ನೂರು ಪೊಟ್ಟಣಕ್ಕೆ 35 ಕಿಲೋ ಕಾಫಿಪುಡಿ ಬೇಕು, ಅದಕ್ಕೆ ಸುಮಾರು 42 ಕಿಲೋ ಬೀಜ. ಈ ಲೆಕ್ಕವನ್ನು ಅಡುಗೆಯ ಅಳತೆಯಂತೆ ಮೊದಲೇ ಬರೆದಿಟ್ಟರೆ, ನೂರು ಪೊಟ್ಟಣ ತಯಾರಾದಾಗ ಬೀಜದ ಚೀಲವೂ ಚಿಕೋರಿಯ ಚೀಲವೂ ತಾವಾಗಿ ಇಳಿಯುತ್ತವೆ. ಬರೆಯದಿದ್ದರೆ ಪೊಟ್ಟಣ ಏರುತ್ತದೆ, ಚೀಲ ಇಳಿಯುವುದಿಲ್ಲ. ವರ್ಷದ ಕೊನೆಯಲ್ಲಿ ಪುಸ್ತಕದಲ್ಲಿರುವ ಬೀಜ ನೆಲದ ಮೇಲಿರುವುದಿಲ್ಲ, ಸಂಶಯ ಮಾತ್ರ ಉಗ್ರಾಣ ಕಾಯುವ ಬಡಪಾಯಿಯ ಮೇಲೆ.

ಪೊಟ್ಟಣದ ತಾರೀಖನ್ನೂ ತಂತ್ರಾಂಶ ಬಲ್ಲದಾಗಿರಬೇಕು. ಆನ್‌ಲೈನ್ ಮಾರಾಟದ ಆಹಾರ ಪದಾರ್ಥಕ್ಕೆ ಗಿರಾಕಿಯ ಕೈ ಸೇರುವಾಗ ಶೇಕಡಾ 30ರಷ್ಟು ಬಾಳಿಕೆ ಅಥವಾ ಮುಗಿಯುವ ದಿನಕ್ಕೆ 45 ದಿನ ಉಳಿದಿರಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2024ರಲ್ಲಿ ಮಾರಾಟ ಜಾಲಗಳಿಗೆ ಸೂಚಿಸಿದೆ. ಮೊದಲು ತಯಾರಾದದ್ದು ಮೊದಲು ಹೊರಡಬೇಕು. ಕೈಗೆ ಸಿಕ್ಕ ಪೊಟ್ಟಣ ಕಳಿಸುವ ಅಭ್ಯಾಸ ನಿಲ್ಲಬೇಕು.

ರವಾನೆಯ ವಿಷಯಕ್ಕೆ ಬರೋಣ. ದೂರದ ಊರಿಗೆ ಮಾಲು ಕಳಿಸಿ ಮುಟ್ಟಿದ ಮೇಲೆ ಹಣ ಪಡೆಯುವುದು ನಮಗೆ ಹೊಸತಲ್ಲ. ಅಂಚೆ ಇಲಾಖೆಯ ವಿ.ಪಿ.ಪಿ. ವ್ಯವಸ್ಥೆ 1877ರಷ್ಟು ಹಿಂದಿನದು. ನಮ್ಮ ಪೀಳಿಗೆಯವರು ಪುಸ್ತಕಗಳನ್ನು ಹಾಗೆಯೇ ತರಿಸಿಕೊಂಡವರು. ಆಗಲೂ ಗಿರಾಕಿ ಬಿಡಿಸಿಕೊಳ್ಳದೆ ಹಿಂದಿರುಗಿದ ಕಟ್ಟು ಮಾರಾಟಗಾರನ ತಲೆಗೇ ಬರುತ್ತಿತ್ತು. ಈಗಲೂ ಅದೇ. ಹಿಂದಿರುಗಿದ ಕಟ್ಟು ಉಗ್ರಾಣಕ್ಕೆ ಬಂದಾಗ ಅದನ್ನು ತೆರೆದು ನೋಡಿ, ಮಾರಲು ಯೋಗ್ಯವಿದ್ದರೆ ಮಾತ್ರ ಜಮಾ ಮಾಡಬೇಕು. ಕೆಲವು ತಂತ್ರಾಂಶಗಳು ಹಿಂದಿರುಗಿದ್ದನ್ನೆಲ್ಲ ಕೇಳದೆಯೇ ಜಮಾ ಮಾಡಿಕೊಳ್ಳುತ್ತವೆ. ಒಡೆದ ಪೊಟ್ಟಣವನ್ನು ಎರಡನೆಯ ಬಾರಿ ಮಾರಲು ಹೊರಡುವ ದಾರಿ ಅದು.

ವಿಳಾಸದಲ್ಲಿ ಯಂತ್ರ ನೋಡುವುದು ಪಿನ್ ಕೋಡ್ ಒಂದನ್ನೇ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಆರು ಅಂಕಿಗಳ ಈ ಏರ್ಪಾಟು ಟಪಾಲು ವಿಂಗಡಿಸುವವರ ಅನುಕೂಲಕ್ಕಾಗಿ ಹುಟ್ಟಿದ್ದು. ಇಂದು ಇಡೀ ಆನ್‌ಲೈನ್ ವ್ಯಾಪಾರ ಅದರ ಮೇಲೆ ನಿಂತಿದೆ. 584 ಎಂದರೆ ರಾಯಚೂರು ಭಾಗ. ಗಿರಾಕಿ ಹಣ ಕಟ್ಟುವ ಮೊದಲೇ ಆ ಪಿನ್ ಕೋಡಿಗೆ ಯಾರು ಒಯ್ಯುತ್ತಾರೆ, ಎಷ್ಟಾಗುತ್ತದೆ ಎಂದು ಅಂಗಡಿಯು ರವಾನೆಯ ತಂತ್ರಾಂಶವನ್ನು ಕೇಳಿ ತಿಳಿಸಬೇಕು. ಖಾಸಗಿ ಕೊರಿಯರಿನವರು ತಾಲೂಕು ಪಟ್ಟಣದವರೆಗೆ ಬಂದು, ಹಳ್ಳಿಯವರನ್ನು ಬಂದು ಒಯ್ಯಿರಿ ಎಂದು ಫೋನಿನಲ್ಲಿ ಕರೆಯುವುದು ಮಲೆನಾಡಿನ ನಮಗೂ ಅನುಭವವಿರುವ ವಿಷಯ. ಹಳ್ಳಿಯ ಪಿನ್ ಕೋಡುಗಳಿಗೆ ಅಂಚೆಯನ್ನೇ ಮೊದಲ ಆಯ್ಕೆಯಾಗಿ ಇಡುವುದು ಲೇಸು.

ದರ ನಿಗದಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದಾಗ ಬರುವ ಕಿಲೋ, ನಿಜವಾದ ತೂಕಕ್ಕಿಂತ ಹೆಚ್ಚಾದರೆ ಸಾಮಾನ್ಯವಾಗಿ ಅದಕ್ಕೇ ಬಾಡಿಗೆ. ಒಂದು ಕಿಲೋ ಕಾಫಿಪುಡಿಯನ್ನು 30, 20, 15ರ ಪೆಟ್ಟಿಗೆಯಲ್ಲಿ ಕಳಿಸಿದರೆ 1.8 ಕಿಲೋದ ಬಾಡಿಗೆ ತೆರಬೇಕು. ಒಳಗಿರುವ ಎಂಟುನೂರು ಗ್ರಾಂ ಬರಿಯ ಗಾಳಿ. ಪ್ರತಿ ಪೊಟ್ಟಣದ ತೂಕದ ಜೊತೆಗೆ ಅಳತೆಯನ್ನೂ ದಾಸ್ತಾನಿನ ಪುಸ್ತಕದಲ್ಲಿ ಬರೆದಿಟ್ಟು, ಮೂರು ಗಾತ್ರದ ಪೆಟ್ಟಿಗೆಗಳನ್ನಷ್ಟೇ ಮಾಡಿಸಿಕೊಂಡರೆ ಈ ಗಾಳಿಯ ಖರ್ಚು ಬಹುಮಟ್ಟಿಗೆ ತಪ್ಪುತ್ತದೆ.

ನಮ್ಮ ರಾಜ್ಯದಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ಮಾವಿನದು. ರಾಜ್ಯ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮವು 2019ರಲ್ಲಿ ಅಂಚೆ ಇಲಾಖೆಯ ಜೊತೆಗೂಡಿ, ಆನ್‌ಲೈನಿನಲ್ಲಿ ಕೇಳಿದವರ ಮನೆಗೆ ಬೆಳೆಗಾರರ ಹಣ್ಣನ್ನು ತಲುಪಿಸತೊಡಗಿತು. ಹಣ್ಣು ಒಂದೇ, ಪೆಟ್ಟಿಗೆಯ ತೂಕ ಮೊದಲೇ ಗೊತ್ತುಮಾಡಿದ್ದು, ಬಟವಾಡೆ ಮುಖ್ಯವಾಗಿ ಬೆಂಗಳೂರು ನಗರದಲ್ಲಿ. ಹಾಗೆ ಹರವನ್ನು ಚಿಕ್ಕದಾಗಿಟ್ಟದ್ದರಿಂದ ಲೆಕ್ಕ ಸರಳವಾಯಿತೆಂದು ನಾವು ಭಾವಿಸುತ್ತೇವೆ. ನಾವೂ ಮೊದಲ ವರ್ಷ ಎರಡು ಬಗೆಯ ಕಾಫಿಪುಡಿ, ಒಂದು ಬಗೆಯ ಅಡಿಕೆ, ಇಷ್ಟರಲ್ಲೇ ನಿಲ್ಲುವುದು ಒಳ್ಳೆಯದು. ಕೇಂದ್ರ ಸರಕಾರದ ಬೆಂಬಲದಿಂದ 2021ರ ಕೊನೆಯಲ್ಲಿ ಸ್ಥಾಪಿತವಾದ ಓಎನ್‌ಡಿಸಿ ಜಾಲದಲ್ಲಿ ಮಾರುವವರು, ಕೊಳ್ಳುವವರು, ಒಯ್ಯುವವರು ಬೇರೆ ಬೇರೆ ತಂತ್ರಾಂಶಗಳಲ್ಲಿದ್ದೂ ಪರಸ್ಪರ ವ್ಯವಹರಿಸಬಹುದು. ಮುಂದೆ ಅಲ್ಲಿಗೂ ಹೋಗಬಹುದು. ಆದರೆ ಅಲ್ಲಿಯೂ ದಾಸ್ತಾನಿನ ಸಂಖ್ಯೆ ಕೊಡಬೇಕಾದವರು ನಾವೇ.

ಇದೆಲ್ಲ ಯಾಕೆ, ಬೀಜ ಮಾರಿ ಸುಮ್ಮನಿದ್ದರಾಗದೇ ಎಂದು ಕೇಳುವ ಹಿರಿಯ ಸದಸ್ಯರಿದ್ದಾರೆ. ಅವರಿಗೆ ಕಾಫಿ ಪೂಲಿನ ಕಾಲ ನೆನಪಿರಬೇಕು. ಬೆಳೆದ ಕಾಫಿಯನ್ನೆಲ್ಲ ಮಂಡಳಿಯ ಪೂಲಿಗೆ ಒಪ್ಪಿಸಿ, ಕಂತುಕಂತಾಗಿ ಬರುವ ಹಣಕ್ಕೆ ಕಾಯುತ್ತಿದ್ದ ಕಾಲ ಅದು. 1992ರ ನಂತರ ಕಟ್ಟು ಹಂತಹಂತವಾಗಿ ಸಡಿಲವಾಗಿ, 1996ರ ಹೊತ್ತಿಗೆ ಬೆಳೆಗಾರ ತನ್ನ ಮಾಲನ್ನು ತಾನೇ ಮಾರುವ ಪೂರ್ಣ ಸ್ವಾತಂತ್ರ್ಯ ಪಡೆದ. ಪೂಲಿನಲ್ಲಿಯೂ ದಾಸ್ತಾನಿನ ಪುಸ್ತಕ ಒಂದೇ ಇತ್ತು. ಆದರೆ ತನ್ನ ಚೀಲ ಎಲ್ಲಿದೆ, ಯಾವಾಗ ಮಾರಾಟವಾಯಿತು ಎಂಬುದು ಬೆಳೆಗಾರನಿಗೆ ಕಾಣುತ್ತಿರಲಿಲ್ಲ. ನಾವು ಈಗ ಕೊಳ್ಳಹೊರಟ ವ್ಯವಸ್ಥೆಯಲ್ಲಿ ಸದಸ್ಯರು ತಮ್ಮ ಖಾತೆ ತೆರೆದು, ತಮ್ಮ ಚೀಲ ಟೆಂಡರಿನಲ್ಲಿದೆಯೇ, ಅಡವಿನಲ್ಲಿದೆಯೇ, ಸಂಘಕ್ಕೆ ಮಾರಾಟವಾಗಿದೆಯೇ ಎಂದು ಮನೆಯಿಂದಲೇ ನೋಡುವಂತಿರಬೇಕು. ಆಡಳಿತ ಮಂಡಳಿಯಲ್ಲಿ ಈ ಬಗ್ಗೆ ಭಿನ್ನಾಭಿಪ್ರಾಯವಿದೆ. ಖರ್ಚು ಹೆಚ್ಚುತ್ತದೆ, ಪ್ರಶ್ನೆಗಳೂ ಹೆಚ್ಚುತ್ತವೆ ಎಂಬುದು ಕೆಲವರ ವಾದ. ಪ್ರಶ್ನೆಗಳು ಹೆಚ್ಚಲಿ ಎಂಬುದೇ ನಮ್ಮ ಇಚ್ಛೆ.

ಯಾವ ತಂತ್ರಾಂಶ ಬಂದರೂ ಮೊದಲ ದಿನ ಅದಕ್ಕೆ ತುಂಬುವ ಸಂಖ್ಯೆ ಕೈಯಿಂದಲೇ ಎಣಿಸಿದ್ದಾಗಿರಬೇಕು. ಆದ್ದರಿಂದ ಸರ್ವಸದಸ್ಯರ ಸಭೆಯ ಹಿಂದಿನ ಶನಿವಾರ ಮತ್ತು ಭಾನುವಾರ ಉಗ್ರಾಣದ ವ್ಯಾಪಾರ ನಿಲ್ಲಿಸಿ, ಪ್ರತಿ ಚೀಲವನ್ನೂ ತೂಗಿ ಒಡೆತನದ ಚೀಟಿ ಅಂಟಿಸಲಾಗುವುದು. ಮಾಲು ಇಟ್ಟಿರುವ ಸದಸ್ಯರು ತಮ್ಮ ರಸೀದಿ ಹಿಡಿದುಕೊಂಡು ಬಂದು, ತೂಗುವಾಗ ಎದುರಿಗೇ ನಿಂತು ನೋಡಬೇಕಾಗಿ ಕೋರಿಕೆ.