ಓಡುವಾಗ ತಲೆಸುತ್ತಿ ಬಿದ್ರೆ ‘ಸುಸ್ತು’ ಅಂತ ಸುಮ್ಮನಾಗಬೇಡಿ

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಪೀಟ್ ಮರಾವಿಚ್ ಕಾಲೇಜು ದಿನಗಳಲ್ಲಿ ಪಂದ್ಯವೊಂದಕ್ಕೆ ಸರಾಸರಿ 44.2 ಅಂಕ ಗಳಿಸುತ್ತಿದ್ದವರು. ಆಮೇಲೆ ಎನ್‌ಬಿಎಯಲ್ಲಿ 10 ಸೀಸನ್ ಆಡಿದರು. 1988ರ ಜನವರಿ 5ರಂದು ಸುಮ್ಮನೆ ಖುಷಿಗೆಂದು ಆಡುತ್ತಿದ್ದಾಗ ಕುಸಿದು ಬಿದ್ದವರು ಮತ್ತೆ ಏಳಲಿಲ್ಲ. ಆಗ ವಯಸ್ಸು 40. ಹುಟ್ಟಿನಿಂದಲೇ ಅವರಿಗೆ ಎಡ ಕರೋನರಿ ರಕ್ತನಾಳ ಇರಲಿಲ್ಲ ಅನ್ನೋದು ಗೊತ್ತಾಗಿದ್ದು ಮರಣೋತ್ತರ ಪರೀಕ್ಷೆಯಲ್ಲಿ!

ಒಳಗೆ ಆಗೋದೇನು?

ಇಡೀ ದೇಹಕ್ಕೆ ರಕ್ತ ಕಳಿಸೋ ಹೃದಯಕ್ಕೂ ರಕ್ತ ಬೇಕಲ್ವಾ? ಅದನ್ನು ಕೊಡೋದು ಮಹಾಪಧಮನಿಯ ಬುಡದಿಂದ ಹೊರಡುವ ಎಡ ಮತ್ತು ಬಲ ಕರೋನರಿ ನಾಳಗಳು. ಕೆಲವರಲ್ಲಿ ಈ ಜೋಡಣೆ ಗರ್ಭದಲ್ಲೇ ತಪ್ಪಿರುತ್ತದೆ. ಎಡ ನಾಳ ಬಲಬದಿಯಿಂದ ಹೊರಟು, ಎರಡು ದೊಡ್ಡ ರಕ್ತನಾಳಗಳ ನಡುವೆ ತೂರಿ ಬಂದರೆ ಅಪಾಯ ಹೆಚ್ಚು. ಕೂತಿದ್ದಾಗ ಏನೂ ಅನ್ನಿಸದೇ ಇರಬಹುದು. ಜೋರಾಗಿ ಓಡಿದಾಗ ಆ ನಾಳ ಒತ್ತಿಹೋಗಿ, ರಕ್ತ ಹೆಚ್ಚು ಬೇಕಾದ ಹೊತ್ತಲ್ಲೇ ಕಡಿಮೆಯಾಗುತ್ತದೆ. ಬಡಿತದ ಲಯ ತಪ್ಪಿ ಹೃದಯ ನಿಂತೇ ಹೋಗಬಹುದು. ಇದಕ್ಕೂ ಕೊಲೆಸ್ಟ್ರಾಲ್‌ಗೂ ಸಂಬಂಧವಿಲ್ಲ.

ಯಾವಾಗ ಡಾಕ್ಟರ್ ಹತ್ತಿರ ಹೋಗಬೇಕು?

ಓಡುವಾಗ, ಜಿಮ್‌ನಲ್ಲಿ, ಆಟದ ಮಧ್ಯೆ ಎದೆನೋವು ಬಂದರೆ, ಪ್ರಜ್ಞೆ ತಪ್ಪಿದರೆ, ಎದೆ ವಿಪರೀತ ಹೊಡೆದುಕೊಂಡರೆ ವ್ಯಾಯಾಮ ನಿಲ್ಲಿಸಿ, ಹೃದ್ರೋಗ ತಜ್ಞರನ್ನು ನೋಡಿ. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಲ್ಲೇ ಹಠಾತ್ತನೆ ತೀರಿಕೊಂಡಿದ್ದರೆ ಅದನ್ನೂ ಹೇಳಿ. ಇಸಿಜಿ, ಟ್ರೆಡ್‌ಮಿಲ್ ಟೆಸ್ಟ್ ಎರಡೂ ನಾರ್ಮಲ್ ಬಂದರೂ ಈ ದೋಷ ಇರಬಹುದು. ಎಕೋದಲ್ಲಿ ಸುಳಿವು ಸಿಗಬಹುದು. ನಾಳ ಎಲ್ಲಿಂದ ಹೊರಟು ಹೇಗೆ ಸಾಗಿದೆ ಅನ್ನೋದನ್ನು ಸ್ಪಷ್ಟವಾಗಿ ತೋರಿಸೋದು ಸಿಟಿ ಆಂಜಿಯೋಗ್ರಾಂ.

ಹಾಗಂತ ಎಲ್ಲರೂ ಸ್ಕ್ಯಾನ್‌ಗೆ ಓಡಬೇಕಿಲ್ಲ. ಈ ದೋಷ ಅಪರೂಪ. ಇದ್ದವರಲ್ಲೂ ಎಷ್ಟೋ ಜನ ತೊಂದರೆಯಿಲ್ಲದೆ ಬದುಕುತ್ತಾರೆ. ಅಪಾಯದ ಬಗೆಯದಾದರೆ ಆಪರೇಷನ್‌ನಿಂದ ಸರಿಪಡಿಸುವ ದಾರಿಯಿದೆ.

ಕಣ್ಣೆದುರು ಯಾರಾದರೂ ಕುಸಿದರೆ?

ಕರೆದರೆ ಓಗೊಡುತ್ತಿಲ್ಲ, ಸರಿಯಾಗಿ ಉಸಿರಾಡುತ್ತಿಲ್ಲ ಅಂದ್ರೆ ನೀರು ಚಿಮುಕಿಸುತ್ತಾ ಕಾಯಬೇಡಿ. ಒಬ್ಬರು 108ಕ್ಕೆ ಫೋನ್ ಮಾಡಲಿ. ಇನ್ನೊಬ್ಬರು ಎದೆಯ ಮಧ್ಯೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು, ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಲೇ ಇರಿ. ಇದೇ ಸಿಪಿಆರ್. ಹತ್ತಿರದ ಮಾಲ್, ಏರ್‌ಪೋರ್ಟ್, ಆಫೀಸಿನಲ್ಲಿ ಎಇಡಿ ಯಂತ್ರವಿದ್ದರೆ ತರಿಸಿ; ಏನು ಮಾಡಬೇಕೆಂದು ಅದೇ ಹೇಳಿಕೊಡುತ್ತದೆ. ಆಂಬುಲೆನ್ಸ್ ಬರೋವರೆಗೆ ಆ ಜೀವ ಉಳಿಯೋದು ಪಕ್ಕದಲ್ಲಿದ್ದವರ ಕೈಯಲ್ಲೇ. ನಿಮ್ಮ ಆಫೀಸಿನಲ್ಲಿ ಸಿಪಿಆರ್ ತರಬೇತಿ ಆಗಿದೆಯಾ? ಇಲ್ಲವಾದರೆ ಈ ವಾರವೇ ಎಚ್‌ಆರ್‌ಗೆ ಒಂದು ಮೇಲ್ ಹಾಕಿ.